ಗಾಳಿಗೆ ಸೂಟು ಮುರಿದ ಗದಿಗೆಪ್ಪ

ಹೇಳಿದ ಮಾತು ಕೇಳದ ಮಕ್ಕಳ ಕತೆ ಬೇಕಾದರೆ ಓಣಿಗೆ ಹತ್ತು ಸಿಗುತ್ತವೆ. ಇದು ಹೇಳಿದ ಮಾತನ್ನೆಲ್ಲ ಕೇಳಿದ ಮಗನ ಕತೆ. ಅವನ ತಾಯಿ ಫಕ್ಕೀರವ್ವನನ್ನು ಕೇಳಿ ನೋಡಿ, ಮಾತು ಕೇಳದ ಮಗನೇ ಎಷ್ಟೋ ವಾಸಿ ಅನ್ನುತ್ತಾಳೆ.

ಕಣವಿಹಾಳ ಅಂದರೆ ಮೆಣಸಿನಕಾಯಿ ಪೇಟೆಯ ಊರು. ಸುಗ್ಗಿ ಬಂತೆಂದರೆ ಊರಿಗೆ ಊರೇ ಸೀನುತ್ತದೆ. ಆ ಊರಲ್ಲಿ ಫಕ್ಕೀರವ್ವನಿಗೆ ಇಪ್ಪತ್ತು ವರ್ಷದಿಂದ ಒಂದೇ ಕೆಲಸ, ಮೆಣಸಿನಕಾಯಿಯ ತೊಟ್ಟು ಬಿಡಿಸುವುದು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗ ಗದಿಗೆಪ್ಪನಿಗೆ ಮೂವತ್ತು ತುಂಬಿತ್ತು. ಎತ್ತಿನಂಥ ಮೈ, ಮುತ್ತಿನಂಥ ಕೈಬರಹ, ಇಪ್ಪತ್ತರ ತನಕ ಮಗ್ಗಿ ಬಾಯಿಪಾಠ. ಇಲ್ಲದ್ದು ಒಂದೇ. ಅದೇನು ಅಂತ ತಾಯಿ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು.

ಒಂದು ಸಲ ಅವನನ್ನು ಖಾರ ಬೀಸಿಸಿಕೊಂಡು ಬರಲು ಗಿರಣಿಗೆ ಕಳಿಸಿದ್ದಳು. ಕಣ್ಣಿಗೆ ಘಾಟು ಬಡಿದೀತು, ಮುಖ ಆಕಡೆ ತಿರುಗಿಸಿಕೋ, ಮನೆ ಮುಟ್ಟುವ ತನಕ ಈಕಡೆ ತಿರುಗಿಸಬೇಡ ಅಂದಿದ್ದಳು. ಅವನು ಡಬ್ಬಿಯನ್ನು ಎದೆಗೆ ಅವುಚಿಕೊಂಡು, ಮುಖವನ್ನು ಬೆನ್ನಿನ ಕಡೆ ತಿರುಗಿಸಿಕೊಂಡು, ಪೇಟೆ ಬೀದಿ ಪೂರ್ತಿ ನಡೆದು ಬಂದು ಮನೆ ಮುಂದಿನ ಗಟಾರದಲ್ಲಿ ಡಬ್ಬಿ ಸಮೇತ ಬಿದ್ದ. ಬಿದ್ದ ಮೇಲೂ ಮುಖ ತಿರುಗಿಸಿರಲಿಲ್ಲ. ಮನೆ ಇನ್ನೂ ಮುಟ್ಟಿರಲಿಲ್ಲವಲ್ಲ.

ಹೀಗೇ ದಿನ ಹೋಗುತ್ತಿದ್ದವು. ಆದರೆ ಈ ವರ್ಷ ಫಕ್ಕೀರವ್ವನ ಕೆಮ್ಮು ನಿಲ್ಲಲಿಲ್ಲ. ಡಾಕ್ಟರು ಎದೆಗೆ ನಳಿಗೆ ಇಟ್ಟು ನೋಡಿ, ಮುಂದಿನ ಸುಗ್ಗಿಗೆ ನೀನು ಮೆಣಸಿನಕಾಯಿ ರಾಶಿಯ ಹತ್ತಿರ ಕೂಡಬಾರದು ಅಂದರು. ಕೂಡದಿದ್ದರೆ ಒಲೆ ಹೇಗೆ ಉರಿಯಬೇಕು? ಮಗ ಎಲ್ಲಾದರೂ ಒಂದು ಕಡೆ ಗಟ್ಟಿಯಾಗಿ ನಿಂತರೆ ಮಾತ್ರ ಅವಳು ಮನೆಯಲ್ಲಿ ಕೂತು ಉಸಿರಾಡಬಹುದಿತ್ತು. ಹೀಗಾಗಿ ಅವಳು ಮಹಾರುದ್ರಪ್ಪ ಸಾಹುಕಾರನ ಕಾಲು ಹಿಡಿದಳು.

ಊರಿನ ಕೋಲ್ಡ್ ಸ್ಟೋರೇಜು ಈ ಸಾಹುಕಾರನದು. ರೈತರು ಮೆಣಸಿನಕಾಯಿ ಚೀಲಗಳನ್ನು ಅಲ್ಲಿ ತಂಪಿನಲ್ಲಿ ಇಡುತ್ತಾರೆ. ತಂಪು ಕೋಣೆಗಳ ಮುಂದೆ ಪಡಸಾಲೆಯಂಥ ದೊಡ್ಡ ಹಾಲು, ಆ ಹಾಲಿನಲ್ಲೇ ಮೂವತ್ತು ಹೆಂಗಸರು ಕೂತು ತೊಟ್ಟು ಬಿಡಿಸುತ್ತಾರೆ, ಫಕ್ಕೀರವ್ವನೂ ಅವರಲ್ಲೊಬ್ಬಳು. ತಂಪು ಮಾಡುವುದು ಅಮೋನಿಯಾ, ಅದು ಮೇಲಿನ ಪೈಪುಗಳಲ್ಲಿ ಓಡುತ್ತಿರುತ್ತದೆ. ಸೋರಿದರೆ ಬೇರೆ ಊರಿನಲ್ಲಿ ಮೂಗು ಹೇಳುತ್ತದೆ. ಇಲ್ಲಿ ಹಾಗಿಲ್ಲ. ಮೆಣಸಿನಕಾಯಿ ಘಾಟಿನಲ್ಲಿ ಎಲ್ಲರೂ ಮೊದಲೇ ಕೆಮ್ಮುತ್ತಾ ಕಣ್ಣು ಒರೆಸುತ್ತಾ ಇರುವಾಗ, ಯಾವ ಕೆಮ್ಮು ಯಾತರದು ಅಂತ ಯಾರಿಗೆ ಗೊತ್ತಾಗಬೇಕು? ಅದಕ್ಕೇ ಗೋಡೆಯ ಮೇಲೆ ಒಂದು ಮೀಟರು, ಪಕ್ಕದಲ್ಲಿ ಒಂದು ಕರಿಹಲಗೆ. ತಾಸಿಗೊಮ್ಮೆ ಮೀಟರು ನೋಡಿ ಹಲಗೆಯ ಮೇಲೆ ಬರೆಯಲು ಒಬ್ಬ ಆಳು ಬೇಕಿತ್ತು. ಒಂದು ತಿಂಗಳು ನೋಡುತ್ತೇನೆ, ನೆಟ್ಟಗೆ ನಡೆದರೆ ಕಾಯಂ ಮಾಡುತ್ತೇನೆ, ಇಲ್ಲದಿದ್ದರೆ ನಿನ್ನ ಮಗ ನಿನಗೇ ಇರಲಿ ಅಂದ ಸಾಹುಕಾರ.

ಮಷೀನು ನೋಡಿಕೊಳ್ಳುವ ಮೋದಿನಸಾಬ ಮೇಸ್ತ್ರಿ ಮೊದಲ ದಿನ ಗದಿಗೆಪ್ಪನ ಕೈಗೆ ಸೀಮೆಸುಣ್ಣ ಕೊಟ್ಟು, ಮೀಟರು ಏನು ತೋರಿಸುತ್ತದೋ ಅದನ್ನೇ ಬರಿ, ನಿನ್ನ ತಲೆ ಓಡಿಸಬೇಡ ಅಂದ. ತಲೆ ಓಡಿಸಬೇಡ ಅಂದದ್ದು ಗದಿಗೆಪ್ಪನಿಗೆ ಬಹಳ ಹಿಡಿಸಿತು.

ಹತ್ತು ಗಂಟೆಗೆ ಮೀಟರು ಇಪ್ಪತ್ತು ತೋರಿಸಿತು. ಅವನು ದುಂಡಗೆ ಇಪ್ಪತ್ತು ಬರೆದ. ಹಲಗೆಯ ನೆತ್ತಿಯ ಮೇಲೆ ಬಿಳಿ ಬಣ್ಣದಲ್ಲಿ, ಹದಿನೇಳು ದಾಟಿದರೆ ಗಂಟೆ ಬಾರಿಸಿ ಎಲ್ಲರನ್ನೂ ಹೊರಗೆ ಕಳಿಸಿ, ಅಂತ ಬರೆದಿತ್ತು. ಅದನ್ನು ಮಾಡು ಅಂತ ಅವನಿಗೆ ಯಾರೂ ಹೇಳಿರಲಿಲ್ಲ, ಹೀಗಾಗಿ ಅವನು ಮಾಡಲಿಲ್ಲ. ಹನ್ನೊಂದಕ್ಕೆ ಮೇಸ್ತ್ರಿ ಹಲಗೆ ನೋಡಿದ, ತಾನೇ ಓಡಿ ಗಂಟೆ ಹೊಡೆದ. ಮೂವತ್ತು ಹೆಂಗಸರು ರಾಶಿ ಬಿಟ್ಟು ಅಂಗಳಕ್ಕೆ ಓಡಿದರು. ಮೇಸ್ತ್ರಿ ಮೂತಿಗೆ ಮುಖವಾಡ ಕಟ್ಟಿಕೊಂಡು ಮೂರು ತಾಸು ಪೈಪುಗಳ ಮೇಲೆ ಹಲ್ಲಿಯಂತೆ ಹರಿದಾಡಿ ಸೋರಿಕೆ ಹುಡುಕಿದ. ಸೋರಿಕೆ ಇರಲೇ ಇಲ್ಲ.

ಆಮೇಲೆ ಗೊತ್ತಾಯಿತು. ಮೀಟರಿನ ಅಳತೆ ಒಂದು, ಹಲಗೆಯ ಅಳತೆ ಇನ್ನೊಂದು. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಎಷ್ಟು ಪಾಲು ಅಮೋನಿಯಾ ಇದೆ ಅಂತ ಮೀಟರು ಹೇಳುತ್ತದೆ. ಅದಕ್ಕೆ ಪಿಪಿಎಂ ಅನ್ನುತ್ತಾರೆ. ಹಲಗೆಗೆ ಬೇಕಾದದ್ದು ತೂಕ: ಉದ್ದ, ಅಗಲ, ಎತ್ತರ ಒಂದೊಂದು ಮೀಟರಿನ ಪೆಟ್ಟಿಗೆಯಷ್ಟು ಗಾಳಿಯಲ್ಲಿ ಎಷ್ಟು ಮಿಲಿಗ್ರಾಂ. ಮೀಟರಿನ ಇಪ್ಪತ್ತು ಅಂದರೆ ಹಲಗೆಯ ಹದಿನಾಲ್ಕು. ಗಂಟೆಯೇ ಬೇಕಾಗಿರಲಿಲ್ಲ.

ಮೇಸ್ತ್ರಿ ಬೆವರು ಒರೆಸಿಕೊಂಡು, “ಇನ್ನ ಮ್ಯಾಲ ಅಂಕಿ ಬಂದ್ರ ಹಂಗ ಬರೀಬ್ಯಾಡ. ಏಳರ್ಲೆ ಗುಣಿಸು, ಹತ್ತರ್ಲೆ ಭಾಗಿಸು, ಆಮ್ಯಾಲ ಬರಿ. ಹದಿನೇಳು ದಾಟಿದ್ರ ಗಂಟಿ ಹೊಡಿ. ತಿಳೀತಿಲ್ಲೋ?” ಅಂದ. ತಿಳೀತ್ರೀ ಅಂದ ಗದಿಗೆಪ್ಪ.

ಮನೆಗೆ ಬಂದು ತಾಯಿಯ ಮುಂದೆ ಒಪ್ಪಿಸಿದ. ಫಕ್ಕೀರವ್ವ ರೊಟ್ಟಿ ಬಡಿಯುತ್ತಾ ಯೋಚಿಸಿದಳು. ಇಪ್ಪತ್ತು ಹೋಗಿ ಹದಿನಾಲ್ಕು ಯಾಕಾಗಬೇಕು? ಕೊನೆಗೆ ಅವಳಿಗೆ ತಿಳಿದ ದಾರಿಯಲ್ಲೇ ತಿಳಿಯಿತು. ಪೇಟೆಯಲ್ಲಿ ಕಾಯಿ ತೂಗುವಾಗ ಚೀಲದ ತೂಕಕ್ಕೆ ಇಷ್ಟು, ಹಸಿಗೆ ಇಷ್ಟು, ಮಣ್ಣಿಗೆ ಇಷ್ಟು ಅಂತ ಮುರಿದುಕೊಳ್ಳುತ್ತಾರೆ. ಅದಕ್ಕೆ ಸೂಟು ಅನ್ನುತ್ತಾರೆ. ಸೂಟು ಮುರಿಯದೆ ಆ ಊರಿನಲ್ಲಿ ಒಂದು ಚೀಲವೂ ಕೈ ಬದಲಿಸಿದ್ದಿಲ್ಲ. “ಗಾಳಿಗೂ ಸೂಟು ಮುರೀತಾರ ನೋಡು, ತಮ್ಮಾ. ಪ್ಯಾಟಿ ರೀತಿ ಅದು. ಎಲ್ಲಾದಕ್ಕೂ ಐತಿ,” ಅಂದಳು ಪಾಪ, ಧೈರ್ಯ ಹೇಳುವವಳ ಹಾಗೆ.

ಎಲ್ಲದಕ್ಕೂ ಐತಿ ಅಂದದ್ದೇ ತಪ್ಪಾಯಿತು. ದಿನದ ಚೀಲಗಳ ಎಣಿಕೆ, ಹೆಂಗಸರ ಹಾಜರಿ ಕೂಡ ಅದೇ ಹಲಗೆಯ ಮೇಲೆ ಬರೆಯಬೇಕಿತ್ತು. ಮರುದಿನ ಹಲಗೆಗೆ ಬಂದ ಅಂಕಿಗಳಲ್ಲಿ ಒಂದನ್ನೂ ಅವನು ಸೂಟು ಮುರಿಯದೆ ಬಿಡಲಿಲ್ಲ. ಒಬ್ಬ ರೈತ ಐವತ್ತು ಚೀಲ ಇಳಿಸಿದ, ಇವನು ಮೂವತ್ತೈದು ಅಂತ ಬರೆದ. ಹೆಂಗಸರು ಮೂವತ್ತು ಜನ ಕೂತಿದ್ದರು, ಇಪ್ಪತ್ತೊಂದು ಬರೆದ. ಹಾಗಾದರೆ ಉಳಿದ ಒಂಬತ್ತು ಮಂದಿ ಯಾರು? ನಾನಲ್ಲ ನೀನು, ನೀನಲ್ಲ ನಾನು ಅಂತ ಹೆಂಗಸರು ಜಡೆ ಜಗಳಕ್ಕೆ ನಿಂತರು. ರೈತ ಹೆಗಲ ಮೇಲಿನ ಟವೆಲು ಕೊಡವಿ, ಹದಿನೈದು ಚೀಲ ಅದೆಲ್ಲಿಗೆ ಹಾರಿಹೋದವು ಅಂತ ಸಾಹುಕಾರನ ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟ. ಎದ್ದದ್ದು ಚೀಲಗಳನ್ನು ಎರಡು ಸಲ ಎಣಿಸಿದ ಮೇಲೆಯೇ.

ಫಕ್ಕೀರವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಕೂತಿದ್ದಳು. ಸೂಟಿನ ಮಾತು ಆಡಿದವಳು ತಾನೇ ಅಂತ ಯಾರಿಗೂ ಹೇಳಲಿಲ್ಲ, ಹೇಳುವ ಧೈರ್ಯ ಬರಲಿಲ್ಲ. ಮೇಸ್ತ್ರಿ ಗದಿಗೆಪ್ಪನನ್ನು ಮೂಲೆಗೆ ಕರೆದು, ಮನುಷ್ಯರನ್ನು ಗುಣಿಸಬೇಡ, ಚೀಲ ಗುಣಿಸಬೇಡ, ಗಾಳಿಯನ್ನು ಮಾತ್ರ ಏಳರಿಂದ ಗುಣಿಸು, ಗಾಳಿ ಅಂದರೆ ಗಾಳಿ ಅಷ್ಟೇ ಅಂದ.

ಗಾಳಿ ಅಂದರೆ ಗಾಳಿ. ಸರಿ.

ಅದೇ ಕಟ್ಟಡದ ಹಿಂದೆ ಕಡಲೆ ಕೋಣೆ ಅಂತ ಒಂದಿತ್ತು. ಕಡಲೆಗೆ ಹುಳು ಹತ್ತಬಾರದು ಅಂತ ಅದರೊಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ವಾರಗಟ್ಟಲೆ ಬಾಗಿಲು ಮುಚ್ಚಿ, ಆಮೇಲೆ ತೆರೆದು ಗಾಳಿಯಾಡಲು ಬಿಡುತ್ತಿದ್ದರು. ಅದರ ಬಾಗಿಲಿಗೂ ಒಂದು ಮೀಟರು, ಒಂದು ಹಲಗೆ. ಒಂಬತ್ತು ಸಾವಿರ ಮಿಲಿಗ್ರಾಮಿನ ಒಳಗೆ ಇದ್ದರೆ ಮಾತ್ರ ಹಮಾಲರು ಒಳಗೆ ಹೋಗಬೇಕು. ಎರಡು ವಾರದ ಮೇಲೆ ಅದನ್ನು ತೆರೆದ ದಿನ ಮೀಟರು ಹನ್ನೆರಡು ಸಾವಿರ ಪಿಪಿಎಂ ತೋರಿಸುತ್ತಿತ್ತು. ಗದಿಗೆಪ್ಪ ಏಳರಿಂದ ಗುಣಿಸಿದ, ಹತ್ತರಿಂದ ಭಾಗಿಸಿದ. ಎಂಟು ಸಾವಿರದ ನಾಲ್ಕುನೂರು. ಒಂಬತ್ತಕ್ಕಿಂತ ಕಡಿಮೆ, ಹೋಗ್ರೆಪಾ ಅಂದ.

ಇಬ್ಬರು ಹಮಾಲರು ಹೋದರು. ಅರ್ಧ ತಾಸಿಗೆ ತಲೆ ಹಿಡಿದುಕೊಂಡು ತೂರಾಡುತ್ತಾ ಬಂದು ಮೆಟ್ಟಿಲ ಮೇಲೆ ಕುಸಿದರು. ಒಬ್ಬ ವಾಂತಿ ಮಾಡಿಕೊಂಡ. ಇಬ್ಬರ ಜೀವಕ್ಕೂ ಏನೂ ಆಗಲಿಲ್ಲ, ನೀರು ಕುಡಿದು ಗಾಳಿಗೆ ಕೂತ ಮೇಲೆ ಸರಿಹೋದರು. ಆದರೆ ಮೇಸ್ತ್ರಿಯ ಮುಖ ಬೂದಿಯಾಗಿತ್ತು. ಎರಡು ಬುಟ್ಟಿ ಮೆಣಸಿನಕಾಯಿ ತರಿಸಿ ಗದಿಗೆಪ್ಪನ ಮುಂದೆ ಸುರಿದ.

“ಇವು ಗುಂಟೂರು ಕಾಯಿ, ನೂರು ಎಣಸು. ಇವು ನಮ್ಮ ಸುಕ್ಕಿನ ಕಾಯಿ, ನೂರು ಎಣಸು. ಎಣಿಕಿ ಒಂದ. ತೂಕ ಒಂದ ಏನು?”

“ಅಲ್ರೀ. ಒಂದೊಂದು ಕಾಯಿಗೆ ಒಂದೊಂದು ತೂಕ.”

“ಗಾಳಿನೂ ಹಂಗ. ಮೀಟರು ಎಣಸ್ತೈತಿ, ಹಲಗಿ ತೂಗ್ತೈತಿ. ಅಮೋನಿಯಾ ಹಗರ, ಇದು ಭಾರ. ಅದಕ್ಕ ಏಳು ಹತ್ತಾಂಶ ಸಾಕು, ಇದಕ್ಕ ಹತ್ತಿರ ಹತ್ತಿರ ಎರಡು ಪಟ್ಟು ಬೇಕು. ನೀ ಎಂಟು ಸಾವಿರ ಅಂದಿ, ಖರೇ ಇಪ್ಪತ್ತೊಂದು ಸಾವಿರದ ಮ್ಯಾಲ ಇತ್ತು. ಇನ್ನ ಮದಲ ಗಾಳಿ ತೂಕ ಎಷ್ಟಂತ ನೋಡು, ಆಮ್ಯಾಲ ಬರಿ.”

ಅಷ್ಟು ಚಂದಾಗಿ ಹೇಳಿಕೊಟ್ಟರೆ ಕಲ್ಲಿಗೂ ತಿಳಿಯುತ್ತದೆ ಅಂತ ಆ ಸಂಜೆ ಫಕ್ಕೀರವ್ವನಿಗೆ ಅನ್ನಿಸಿತು. ಕಲ್ಲಿಗೆ ತಿಳಿದಿತ್ತೇನೋ. ಮರುದಿನ ಅವಳು ತೊಟ್ಟು ಬಿಡಿಸುತ್ತಾ ತಲೆ ಎತ್ತಿ ನೋಡಿದರೆ ಮಗ ತೂಕದ ಕಟ್ಟೆಯಿಂದ ತಕ್ಕಡಿ ಹೊತ್ತು ತರುತ್ತಿದ್ದ. ದೊಡ್ಡದೊಂದು ಪ್ಲಾಸ್ಟಿಕ್ ಚೀಲವನ್ನು ಹಾಲಿನ ತುಂಬ ಬೀಸಾಡಿ ಗಾಳಿ ತುಂಬಿದ, ಬಾಯಿ ಕಟ್ಟಿದ, ತಕ್ಕಡಿಗೆ ಹಾಕಿದ. ಆಮೇಲೆ ಗಾಳಿ ಬಿಟ್ಟು ಖಾಲಿ ಚೀಲ ತೂಗಿ ಅದನ್ನು ಸೂಟು ಮುರಿದ. ಉಳಿದದ್ದು ಸೊನ್ನೆ. ಹಲಗೆಯ ಮೇಲೆ ಸೊನ್ನೆ ಬರೆದ. ತಾಸಿಗೊಮ್ಮೆ ತೂಗಿದ, ತಾಸಿಗೊಮ್ಮೆ ಸೊನ್ನೆ ಬರೆದ. ಹೆಂಗಸರು ನಗುತ್ತಿದ್ದರು. ನಗುವಿನ ನಡುವೆ ಕೆಮ್ಮುತ್ತಿದ್ದರು, ಅಷ್ಟರಲ್ಲಿ ಮೇಸ್ತ್ರಿ ಬಂದ.

ಸಂಜೆ ಮೇಸ್ತ್ರಿ ಒಂದು ಚೀಟಿ ಬರೆದು ಕೊಟ್ಟ. ತೂಕ ನಾನೇ ನೋಡಿದ್ದೇನೆ, ನೀನು ನೋಡಬೇಡ. ಅಮೋನಿಯಾಕ್ಕೆ ಸೊನ್ನೆ ಬಿಂದು ಏಳು, ಕಡಲೆ ಕೋಣೆಗೆ ಒಂದು ಬಿಂದು ಎಂಟು. ಚೀಟಿಯಲ್ಲಿ ಇದ್ದಂತೆ ಮಾಡು ಅಂದ. ಚೀಟಿಯ ಕೊನೆಗೆ ಸಣ್ಣ ಅಕ್ಷರದಲ್ಲಿ, ಈ ಲೆಕ್ಕ ಇಪ್ಪತ್ತೈದು ಡಿಗ್ರಿ ಗಾಳಿಗೆ, ಅಂತಲೂ ಬರೆದ. ಲೆಕ್ಕ ಬಲ್ಲವರಿಗೆ ಇಂಥ ಸಣ್ಣ ಅಕ್ಷರದ ಚಟ ಇರುತ್ತದೆ.

ಮರುದಿನ ಗದಿಗೆಪ್ಪನನ್ನು ಕೈಮೀಟರು ಕೊಟ್ಟು ಎರಡನೆಯ ತಂಪು ಕೋಣೆಗೆ ಕಳಿಸಿದರು. ಒಳಗೆ ಐದು ಡಿಗ್ರಿ. ಅವನು ಚೀಟಿ ನೋಡಿದ, ಗೋಡೆಯ ಉಷ್ಣಮಾಪಕ ನೋಡಿದ. ಮಷೀನು ಬಂದ್ ಮಾಡಿ ಎರಡೂ ಬಾಗಿಲು ಹಾರು ಹೊಡೆದು, ಮಾಪಕದ ಮುಂದೆ ಕಾಲು ಮಡಚಿ ಕೂತ. ಮಧ್ಯಾಹ್ನ ಹನ್ನೆರಡು ಡಿಗ್ರಿ. ಮೂರು ಗಂಟೆಗೆ ಹತ್ತೊಂಬತ್ತು. ಐದಕ್ಕೆ ಇಪ್ಪತ್ತೈದು ಆಯಿತು, ಆಗ ಖುಷಿಯಿಂದ ಲೆಕ್ಕ ಮಾಡಿದ. ಅಷ್ಟರಲ್ಲಿ ಒಳಗಿನ ಚೀಲಗಳೆಲ್ಲ ಬೆವೆತು ನೀರಿಳಿಸುತ್ತಿದ್ದವು.

ಅವತ್ತು ಸಾಹುಕಾರನೇ ಬಂದು ಬೈದ. ಅವನು ಬೈದದ್ದನ್ನು ಬರೆಯಲು ಬರುವುದಿಲ್ಲ. ಮೇಸ್ತ್ರಿ ನಡುವೆ ಬಾಯಿ ಹಾಕಿ ಆಳನ್ನು ಉಳಿಸಿದ, ಯಾಕೆಂದರೆ ಸಣ್ಣ ಅಕ್ಷರ ಅವನದೇ ಆಗಿತ್ತು. ತಂಪಿನಲ್ಲಿ ಗಾಳಿ ಬಿಗಿಯಾಗುತ್ತದೆ, ಅದೇ ಪೆಟ್ಟಿಗೆಯಲ್ಲಿ ಚೂರು ಹೆಚ್ಚು ಹಿಡಿಸುತ್ತದೆ, ಅಲ್ಲಿ ಏಳು ಹತ್ತಾಂಶದ ಬದಲು ಮುಕ್ಕಾಲು ಅಂತ ಹಿಡಿದರೆ ಆಯಿತು ಅಂದ. “ಲೆಕ್ಕನ ಗಾಳಿಗೆ ಹೊಂದಸಪಾ, ಗಾಳಿನ ಲೆಕ್ಕಕ್ಕ ಹೊಂದಸಬ್ಯಾಡ,” ಅಂದ.

ಇಪ್ಪತ್ತೆರಡು ದಿನ ಆಗಿತ್ತು. ತಿಂಗಳಿಗೆ ಇನ್ನು ಎಂಟು ದಿನ. ಫಕ್ಕೀರವ್ವ ರಾತ್ರಿ ಕೆಮ್ಮುವಾಗ ಬೆರಳು ಮಡಚಿ ಎಣಿಸುತ್ತಿದ್ದಳು.

ಆಮೇಲಿನದು ಸಣ್ಣದು. ಯಾವ ಲೆಕ್ಕ ಬೇಕೋ ಏನೋ ಅಂತ ಗದಿಗೆಪ್ಪ ಮೂರನ್ನೂ ಬರೆಯತೊಡಗಿದ. ಮೀಟರಿನದು ಹನ್ನೆರಡು, ಬೆಚ್ಚಗಿನ ಲೆಕ್ಕದ್ದು ಎಂಟು ಬಿಂದು ನಾಲ್ಕು, ತಂಪಿನ ಲೆಕ್ಕದ್ದು ಒಂಬತ್ತು. ಮೂರೂ ಹಲಗೆಯ ಒಂದೇ ಮನೆಯಲ್ಲಿ, ಒಂದರ ಪಕ್ಕ ಒಂದು. ಮೇಸ್ತ್ರಿ ಬಂದು ಯಾವುದು ಯಾವುದೆಂದು ತಿಳಿಯದೆ ಹಲಗೆಯ ಮುಂದೆ ಕಣ್ಣು ಕಿರಿದು ಮಾಡಿ ನಿಂತ. ಅಂದು ಅವನು ಸಿಟ್ಟು ಮಾಡಲಿಲ್ಲ, ಸಿಟ್ಟೆಲ್ಲ ತೀರಿಹೋಗಿತ್ತು. “ಬರೇ ಅಂಕಿ ಬರದ್ರ ಅದು ಊರಿಲ್ಲದ ಪತ್ರ ಇದ್ದಂಗ. ಯಾವ ಅಂಕಿ ಬರದ್ರೂ ಅದರ ಮುಂದ ಅದು ಯಾರ ಅಳತಿ ಅಂತ ಬರಿ. ಸಾಕ್ಷಾತ್ ದೇವ್ರ ಬಂದು ಹೇಳಿದ ಅಂಕಿ ಆದ್ರೂ ಇದನ್ನ ಬಿಡಬ್ಯಾಡ.” ಗದಿಗೆಪ್ಪ ಬಿಡಲಿಲ್ಲ. ಐದು ದಿನ ಒಂದೂ ತಪ್ಪಿಲ್ಲದೆ ಬರೆದ. ಫಕ್ಕೀರವ್ವ ಊರ ದೇವರಿಗೆ ಕಾಯಿ ಒಡೆಸಿದಳು.

ಇಪ್ಪತ್ತೆಂಟನೆಯ ದಿನ ಮೇಲಿನ ಪೈಪಿನ ಒಂದು ಕವಾಟ ಸಣ್ಣಗೆ ಸೋರತೊಡಗಿತು. ಅದರ ಒಳಗಿನ ಬಿಲ್ಲೆ ತರಲು ಮೇಸ್ತ್ರಿ ಹುಬ್ಬಳ್ಳಿಗೆ ಹೋದ. ಬರುವ ತನಕ ಹಾಲಿಗೆ ಯಾರನ್ನೂ ಬಿಡಬೇಡಿ ಅಂತ ಸಾಹುಕಾರನಿಗೆ ಹೇಳಿಯೇ ಹೋದ. ಆದರೆ ಸಾಹುಕಾರನಿಗೆ ಎರಡು ಲಾರಿ ಮಾಲು ಕಳಿಸುವ ಅವಸರ. ಮೇಲಾಗಿ ಮರುದಿನ ಗಾಳಿ ನೋಡಲು ಸರಕಾರದ ಇನ್ಸ್‌ಪೆಕ್ಟರ್ ಬಾಯಿ ಬರುವವಳಿದ್ದಳು. ಅವನು ಹೆಂಗಸರನ್ನು ಒಳಗೆ ಕೂಡಿಸಿದ. ಗದಿಗೆಪ್ಪ ಗಂಟೆ ಬಾರಿಸಲು ಹಗ್ಗಕ್ಕೆ ಕೈ ಹಾಕಿದಾಗ, ನಾನು ಹೇಳುವ ತನಕ ಹಗ್ಗ ಮುಟ್ಟಬೇಡ, ಹಲಗೆಯ ಮೇಲೆ ಹನ್ನೆರಡು ಅಂತ ಬರಿ ಅಂದ. ಮುಟ್ಟಬೇಡ ಅಂದರೆ ಗದಿಗೆಪ್ಪ ಮುಟ್ಟುವವನಲ್ಲ.

ಫಕ್ಕೀರವ್ವ ಅಲ್ಲೇ, ಆ ಕವಾಟದ ಕೆಳಗೇ ಕೂತಿದ್ದಳು. ಕಣ್ಣು ಉರಿಯುತ್ತಿತ್ತು, ಗಂಟಲಲ್ಲಿ ಸೂಜಿ ಆಡಿಸಿದ ಹಾಗಾಗುತ್ತಿತ್ತು. ಮೆಣಸಿನಕಾಯಿ ಘಾಟು ಅಂತ ತನಗೆ ತಾನೇ ಹೇಳಿಕೊಂಡಳು. ಇಪ್ಪತ್ತು ವರ್ಷ ಮೆಣಸಿನಕಾಯಿಯೊಡನೆ ಬಾಳಿದವಳಿಗೆ ಇದು ಅದಲ್ಲ ಅಂತ ಗೊತ್ತಿತ್ತು. ಆದರೂ ಎರಡೇ ದಿನ ಉಳಿದಿತ್ತು. ಮಗ ಬಂದು ಏನು ಮಾಡಲವ್ವಾ ಅಂತ ಕೇಳಿದಾಗ ಅವಳು ಅವನ ಮುಖ ನೋಡದೆ, “ಸಾಹುಕಾರ್ರು ಹೇಳಿದ ಅಂಕಿ ಬರಿಯಪ್ಪಾ. ಅನ್ನ ಕೊಡೋರು ಅವರು,” ಅಂದಳು. ಅಂದ ಮೇಲೆ ಬಹಳ ಹೊತ್ತು ಕೆಮ್ಮಿದಳು. ಅವಳಿಗೆ ನಾಚಿಕೆಯಾಗಿತ್ತು. ಉಳಿದ ಇಪ್ಪತ್ತೊಂಬತ್ತು ಮಂದಿಯೂ ಅದೇ ಗಾಳಿ ಕುಡಿಯುತ್ತಿದ್ದರು.

ಗದಿಗೆಪ್ಪ ಹೋಗಿ ಬರೆದ. ಸಾಹುಕಾರ ದೂರದಿಂದ ಹಲಗೆಯ ಮೇಲೆ ಹನ್ನೆರಡು ಇರುವುದನ್ನು ನೋಡಿ, ತಲೆಯಾಡಿಸಿ ಹೋದ.

ಮರುದಿನ ಹನ್ನೊಂದಕ್ಕೆ ಇನ್ಸ್‌ಪೆಕ್ಟರ್ ಬಾಯಿ ಬಂದಳು. ಸಾಹುಕಾರ ಎಳನೀರು ಕೊಡಿಸಿ ಕರೆತಂದ. ಆಕೆ ಹಲಗೆಯ ಮುಂದೆ ನಿಂತು ಓದಿದಳು, ಇನ್ನೊಮ್ಮೆ ಓದಿದಳು. ಹಲಗೆಯ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಮೂರು ಸಾಲು ಇದ್ದವು.

ಮೀಟರು: 40 ಪಿಪಿಎಂ.
ತೂಕ: 28 ಮಿಲಿಗ್ರಾಂ.
ಸಾಹುಕಾರ್ರು: 12 ಮಹಾರುದ್ರಪ್ಪ.

“ಈ ಮೂರನೇದು ಯಾವ ಅಳತೆ?” ಅಂತ ಆಕೆ ಕೇಳಿದಳು.

“ಅದು ಸಾಹುಕಾರ್ರ ಅಳತಿರೀ ಬಾಯಾರ. ಮೀಟರಿನಾಗ ನಲವತ್ತು, ತೂಕದಾಗ ಇಪ್ಪತ್ತೆಂಟು, ಸಾಹುಕಾರ್ರಲ್ಲಿ ಹನ್ನೆರಡು.”

“ಮೀಟರಿನದನ್ನ ಏಳರಿಂದ ಗುಣಿಸಿ ಹತ್ತರಿಂದ ಭಾಗಿಸಿದರೆ ತೂಕ ಬರುತ್ತೆ. ತೂಕದಿಂದ ಸಾಹುಕಾರ್ರಿಗೆ ಹೇಗೆ ತರ್ತೀಯ?”

ಗದಿಗೆಪ್ಪ ತಲೆ ಕೆರೆದುಕೊಂಡ. ಚೀಟಿ ತೆಗೆದು ಮುಂದೆ ಹಿಂದೆ ತಿರುಗಿಸಿ ನೋಡಿದ. “ಅದಕ್ಕ ಸೂತ್ರ ಇಲ್ರೀ. ಅವರ್ನ ಹೋಗಿ ಕೇಳಬೇಕು.”

ಆಕೆ ನಗಲಿಲ್ಲ. ಸಾಹುಕಾರನ ಕಡೆ ತಿರುಗಿಯೂ ನೋಡದೆ ತಾನೇ ಹಗ್ಗ ಎಳೆದು ಗಂಟೆ ಬಾರಿಸಿದಳು. ಹೆಂಗಸರು ಅಂಗಳಕ್ಕೆ ಬಂದು ಬೇವಿನ ನೆರಳಿನಲ್ಲಿ ಕೂತರು. ಫಕ್ಕೀರವ್ವ ಅಲ್ಲಿ ಎಳೆದ ಮೊದಲ ಉಸಿರು ಎದೆಯ ತಳದ ತನಕ ಹೋಯಿತು, ಚುಚ್ಚಲಿಲ್ಲ. ಅವಳಿಗೆ ಅಳು ಬಂತು. ಬದುಕಿದೆನಲ್ಲ ಅಂತ ಸಮಾಧಾನಕ್ಕೋ, ಮಗನ ಕೆಲಸ ಹೋಯಿತಲ್ಲ ಅಂತಲೋ, ಎರಡೂ ಇತ್ತು. ಕವಾಟ ರಿಪೇರಿಯಾಗಿ ಗಾಳಿ ಸರಿಯಾಗುವ ತನಕ ಒಬ್ಬರೂ ಒಳಗೆ ಕಾಲಿಡಬಾರದು ಅಂತ ಇನ್ಸ್‌ಪೆಕ್ಟರ್ ಬಾಯಿ ಬರೆದು ಕೊಟ್ಟಳು. ಮೂರು ಸಾಲನ್ನೂ ಇದ್ದದ್ದು ಇದ್ದ ಹಾಗೆ ತನ್ನ ಪುಸ್ತಕದಲ್ಲಿ ಇಳಿಸಿಕೊಂಡು ಹೋದಳು.

ಆಕೆಯ ಜೀಪು ಗೇಟು ದಾಟಿದ್ದೇ ತಡ, ಸಾಹುಕಾರ ಗದಿಗೆಪ್ಪನ ಕೈಯಿಂದ ಸೀಮೆಸುಣ್ಣ ಕಿತ್ತು ನೆಲಕ್ಕೆ ಬಡಿದ. “ನಾಳಿಂದ ಇಲ್ಲಿಗೆ ಬರಬ್ಯಾಡ,” ಅಂದ.

ಗದಿಗೆಪ್ಪ ಹೂಂ ಅಂದ. ಫಕ್ಕೀರವ್ವ ಕೇಳಿಸಿಕೊಂಡಳು. ಮಗ ಹಿಂದೆ ಬರುತ್ತಾನೆ ಅಂದುಕೊಂಡು ಮನೆಗೆ ನಡೆದಳು. ಅವನು ಬರಲಿಲ್ಲ. ಸಿಟ್ಟಿಗೆ ಸೋದರಮಾವನ ಊರಿಗೆ ಹೋಗಿರಬೇಕು ಅಂದುಕೊಂಡಳು.

ಬೆಳಿಗ್ಗೆ ಹೆಂಗಸರೆಲ್ಲ ಹಾಲಿನ ಬಾಗಿಲಿಗೆ ಬಂದು ನಿಂತಿದ್ದರು. ಮೇಸ್ತ್ರಿ ಸಂಜೆಯೇ ಬಂದು ಬಿಲ್ಲೆ ಹಾಕಿ, ಹಾಲಿನ ಕಿಟಕಿಗಳನ್ನೆಲ್ಲ ತೆಗೆದಿಟ್ಟು ಹೋಗಿದ್ದ. ಎಲ್ಲಾ ಸರಿ ಆಗೈತಿ, ನಡೀರಿ ಒಳಗ, ಅಂದ ಸಾಹುಕಾರ. ಒಬ್ಬಳೂ ಕಾಲು ಎತ್ತಲಿಲ್ಲ. ಸಾಹುಕಾರ ಇನ್ನೊಮ್ಮೆ ಅಂದ. ಅವರು ಸೆರಗು ಸರಿ ಮಾಡಿಕೊಂಡು ನಿಂತೇ ಇದ್ದರು. ಫಕ್ಕೀರವ್ವ ಹಣಕಿ ನೋಡಿದಳು. ಒಳಗೆ ಹಲಗೆಯ ಕೆಳಗೆ ಗೋಡೆಗೆ ಒರಗಿ ಅವಳ ಮಗ ಕೂತಿದ್ದ, ಕೈಯಲ್ಲಿ ಸೀಮೆಸುಣ್ಣದ ತುಂಡು. ಹಲಗೆಯ ಮೇಲೆ ರಾತ್ರಿಯ ಒಂದೊಂದು ತಾಸಿನ ಅಂಕಿಯೂ ಇತ್ತು.

“ನಾಳಿಂದ ಬರಬ್ಯಾಡ ಅಂದಿದ್ರಲ್ಲೋ,” ಅಂದಳು.

“ಬಂದಿಲ್ಲವ್ವಾ. ಹೋಗೇ ಇಲ್ಲ.”

ಅವಳಿಗೆ ಬೈಯಬೇಕೆನ್ನಿಸಿತು. ಇಪ್ಪತ್ತೊಂಬತ್ತು ದಿನದಲ್ಲಿ ಮೊದಲ ಸಲ, ಇನ್ನು ಮೇಲೆ ಹೀಗೆ ಮಾಡು ಅಂತ ಹೇಳಿಕೊಡಲು ಅವಳಿಗೆ ಏನೂ ತೋಚಲಿಲ್ಲ. ಬದಲಿಗೆ ಎಲ್ಲರಿಗೂ ಕೇಳುವ ಹಾಗೆ, ಎಷ್ಟೈತಿ ಈಗ ಅಂತ ಕೇಳಿದಳು.

“ಮೀಟರಿನಾಗ ಎಂಟು. ತೂಕದಾಗ ಐದೂವರಿ ಮ್ಯಾಲ ಚೂರು. ಸಾಹುಕಾರ್ರದು ಇನ್ನ ಬಂದಿಲ್ಲ.”

ಅಂದವನೇ ಎದ್ದು, ಸೀಮೆಸುಣ್ಣ ಹಿಡಿದು, ಬಾಗಿಲಲ್ಲಿ ನಿಂತ ಸಾಹುಕಾರನ ಕಡೆ ವಿನಯದಿಂದ ತಿರುಗಿದ. “ನಿಮ್ಮದು ಎಷ್ಟು ಬರೀಲಿರೀ?”

ಮೂವತ್ತು ಹೆಂಗಸರು ಸಾಹುಕಾರನನ್ನೇ ನೋಡುತ್ತಿದ್ದರು. ಅವನು ಒಂದು ಸಲ ಗೇಟಿನ ಕಡೆ ನೋಡಿದ, ಅಲ್ಲಿ ಲಾರಿ ಕಾಯುತ್ತಿತ್ತು. ಆಮೇಲೆ ಕನ್ನಡಕ ಏರಿಸಿಕೊಂಡು, ಕಟ್ಟಡ ಕಟ್ಟಿಸಿದಾಗಿನಿಂದ ಮೊದಲನೆಯ ಸಲ, ಮೀಟರಿನ ಮುಂದೆ ಬಗ್ಗಿ ನಿಂತು ಅಂಕಿ ಓದಿದ. ಎಂಟು ಅಂದ. ಗದಿಗೆಪ್ಪ ಬರೆದುಕೊಂಡ.

“ನಡೀರಿ ಒಳಗ,” ಅಂದ ತಾಯಿಗೆ ಮತ್ತು ಉಳಿದವರಿಗೆ. “ಇವತ್ತ ಸಾಹುಕಾರ್ರೂ ಮೀಟರೂ ಒಂದ ಅಳತಿಗೆ ಬಂದಾರ. ಬರ್ರಿ, ಸಾಹುಕಾರ್ರನ್ನೂ ಈಗ ಏಳರ್ಲೆ ಗುಣಿಸಿಬಿಡ್ತೀನಿ.”